ಒಂದು ಮರ ಎಷ್ಟು ಕಾಲ ಬಾಳಬೇಕು?

ಎರಡು ಅಡಿ ಉದ್ದದ, ಎರಡಂಗುಲ ಚೌಕದ ಮರದ ಗೂಟಗಳನ್ನು ಬಯಲಿನಲ್ಲಿ ಸಾಲಾಗಿ ನೆಟ್ಟಿರುತ್ತಾರೆ. ಅರ್ಧ ಮಣ್ಣಿನೊಳಗೆ, ಅರ್ಧ ಹೊರಗೆ. ಒಂದೊಂದಕ್ಕೂ ಒಂದು ಅಂಕೆ. ಗೆದ್ದಲಿಗೆ ಹೆಸರಾದ ನೆಲವನ್ನೇ ಇದಕ್ಕೆ ಹುಡುಕಿ ಆರಿಸುತ್ತಾರೆ. ಬಿಸಿಲು, ಮಳೆ, ಇಬ್ಬನಿ ಎಲ್ಲವೂ ತಾಗಲಿ ಎಂದು ಮೇಲೆ ಯಾವ ಮರೆಯನ್ನೂ ಕಟ್ಟುವುದಿಲ್ಲ. ಮರದ ಬಾಳಿಕೆಯನ್ನು ಅಳೆಯುವವರು ಇದನ್ನು ಸ್ಮಶಾನ ಪರೀಕ್ಷೆ ಎನ್ನುತ್ತಾರೆ. ನೆಟ್ಟವರು ಆಗಾಗ ಬಂದು ಗೂಟಗಳನ್ನು ಒಂದೊಂದಾಗಿ ಕಿತ್ತು, ಅಂಟಿದ ಮಣ್ಣು ಕೊಡವಿ, ಚಾಕುವಿನ ಮೊನೆಯಿಂದ ಅಲ್ಲಲ್ಲಿ ಚುಚ್ಚಿ ನೋಡುತ್ತಾರೆ. ಏನೂ ಆಗಿಲ್ಲದಿದ್ದರೆ ಹತ್ತು ಅಂಕ. ಅಲ್ಲೊಂದು ಇಲ್ಲೊಂದು ಕಡೆ ಕೆಡುಕಿನ ಗುರುತಿದ್ದರೆ ಒಂಬತ್ತು. ಹೀಗೆ ಇಳಿಯುತ್ತಾ ಹೋಗಿ, ಕೈಯಲ್ಲಿ ಹಿಡಿದು ಬಾಗಿಸಿದರೆ ಲಟಕ್ಕನೆ ಮುರಿಯುವ ಗೂಟಕ್ಕೆ ಸೊನ್ನೆ. ಅಂಕ ಬರೆದುಕೊಂಡ ಮೇಲೆ ಉಳಿದವುಗಳನ್ನು ಅದೇ ಕುಳಿಯಲ್ಲಿ ಮತ್ತೆ ನಿಲ್ಲಿಸಿ ಹೋಗುತ್ತಾರೆ.

ಮುರಿದ ಗೂಟವೊಂದನ್ನು ಹತ್ತಿರದಿಂದ ನೋಡಬೇಕು. ನೆಲದ ಮೇಲಿದ್ದ ತುದಿ ಬೂದು ಬಣ್ಣಕ್ಕೆ ತಿರುಗಿ, ಸಣ್ಣ ಸೀಳು ಬಿಟ್ಟಿದ್ದರೂ ಗಟ್ಟಿಯಾಗಿಯೇ ಇರುತ್ತದೆ. ಆಳದಲ್ಲಿದ್ದ ತುದಿಯೂ ಎಷ್ಟೋ ಸಲ ಪರವಾಗಿಲ್ಲ. ಕೆಟ್ಟಿರುವುದು ನಡುವೆ, ನೆಲಮಟ್ಟದ ಆಸುಪಾಸಿನ ನಾಲ್ಕೈದು ಬೆರಳಗಲದಲ್ಲಿ. ಅಲ್ಲಿ ಮರ ಕಂದಾಗಿ, ಅಡ್ಡಡ್ಡ ಬಿರಿದು, ಬೆಲ್ಲದ ತುಣುಕುಗಳಂತೆ ಚೌಕ ಚೌಕವಾಗಿ ಉದುರುತ್ತದೆ. ಒಂದು ಬಗೆಯ ಶಿಲೀಂಧ್ರ ಮರದ ಸೆಲ್ಯುಲೋಸನ್ನೆಲ್ಲ ತಿಂದು ಲಿಗ್ನಿನ್ನನ್ನು ಬಿಟ್ಟು ಹೋದ ಗುರುತು ಅದು. ಲಿಗ್ನಿನ್ನನ್ನೂ ಕರಗಿಸಬಲ್ಲ ಇನ್ನೊಂದು ಬಗೆ ಹತ್ತಿದ್ದರೆ ಮರ ಬಿಳಿಚಿ, ನಾರುನಾರಾಗಿ, ಒದ್ದೆ ಹತ್ತಿಯ ಹಾಗೆ ಮೆತ್ತಗಾಗುತ್ತದೆ. ಆಳದ ಮಣ್ಣಿನಲ್ಲಿ ನೀರಿದ್ದರೂ ಗಾಳಿ ಸಾಲದು. ಮೇಲೆ ಗಾಳಿಯಿದ್ದರೂ ನೀರು ನಿಲ್ಲದು. ಎರಡೂ ಸೇರುವುದು ಆ ಒಂದು ಪಟ್ಟಿಯಲ್ಲಿ ಮಾತ್ರ. ಬೇಲಿಯ ಗೂಟ, ದನ ಕಟ್ಟುವ ಗೂಟ, ಚಪ್ಪರದ ಕಂಬ ಎಲ್ಲವೂ ಮುರಿಯುವುದು ಅಲ್ಲೇ.

ಇದರ ಲೆಕ್ಕ ಹೀಗಿದೆ. ಭಾರತೀಯ ಮಾನಕದಲ್ಲಿ ಗೂಟಗಳ ಸರಾಸರಿ ಆಯಸ್ಸು 120 ತಿಂಗಳು ಮತ್ತು ಮೇಲ್ಪಟ್ಟಿದ್ದರೆ ಆ ಮರ ಮೊದಲ ವರ್ಗಕ್ಕೆ ಸೇರುತ್ತದೆ. 60ರಿಂದ 120 ತಿಂಗಳಾದರೆ ಎರಡನೆಯದು. 60ಕ್ಕೂ ಕಡಿಮೆಯಾದರೆ ಮೂರನೆಯದು. ತೇಗ, ಬೀಟೆ, ಹೊನ್ನೆ ಮೊದಲ ಸಾಲಿನವು. ಮಾವು, ಬೂರುಗ ಕೊನೆಯವು. ಪ್ರಯೋಗಾಲಯದ ಒಳಗೆ ಇದನ್ನೇ ಬೇಗ ಮುಗಿಸುವ ದಾರಿಗಳೂ ಇವೆ. ಗಾಜಿನ ಬಾಟಲಿಯಲ್ಲಿ ಶಿಲೀಂಧ್ರ ಬೆಳೆಸಿ, ಅದರ ಮೇಲೆ ತೂಕ ಮಾಡಿದ ಮರದ ತುಂಡು ಇಟ್ಟು, ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ತೂಗಿದರೆ ಎಷ್ಟು ಕರಗಿದೆ ಎಂದು ಗೊತ್ತಾಗುತ್ತದೆ. ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಳ್ಳದ ಮರವನ್ನು ಅತಿ ಗಟ್ಟಿ ಎಂದು ಬರೆದುಕೊಳ್ಳುತ್ತಾರೆ. ಆದರೂ ಬಯಲಿನ ಗೂಟದ ಮಾತೇ ಕೊನೆಯದು ಎಂಬುದನ್ನು ಈ ಕೆಲಸದಲ್ಲಿರುವವರೆಲ್ಲ ಒಪ್ಪುತ್ತಾರೆ. ಬಾಟಲಿಯಲ್ಲಿ ಒಂದೇ ಶಿಲೀಂಧ್ರ. ಮಣ್ಣಿನಲ್ಲಿ ಊರಿಗೆ ಊರೇ ಇದೆ.

ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಶುರುವಾದ ಅರಣ್ಯ ಉತ್ಪನ್ನ ಪ್ರಯೋಗಾಲಯದವರು 1930ರ ದಶಕದ ಕೊನೆಯಲ್ಲಿ ಮಿಸಿಸಿಪ್ಪಿಯ ತೇವದ ಕಾಡಿನಲ್ಲಿ ಗೂಟಗಳನ್ನು ನೆಡಲು ತೊಡಗಿದರು. ಔಷಧಿ ಉಣಿಸಿದ ಗೂಟಗಳಲ್ಲಿ ಕೆಲವು ಐವತ್ತು ಅರವತ್ತು ವರ್ಷ ಕಳೆದರೂ ಮುರಿಯಲಿಲ್ಲ. ನೆಟ್ಟವರು ನಿವೃತ್ತರಾದರು, ಅವರ ಜಾಗಕ್ಕೆ ಬಂದವರೂ ನಿವೃತ್ತರಾದರು. ದಾಖಲೆಯ ಪುಸ್ತಕ ಕೈಯಿಂದ ಕೈಗೆ ಹೋಯಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಬೇರು ಕೂಡ ಅದೇ ಕಾಲದ್ದು. 1938ರಲ್ಲಿ ಮೈಸೂರು ಸಂಸ್ಥಾನ ತೆರೆದ ಅರಣ್ಯ ಸಂಶೋಧನಾಲಯವೇ 1988ರಲ್ಲಿ ಈಗಿನ ರೂಪ ಪಡೆಯಿತು. ಬೆಂಗಳೂರಿನ ಹೊರವಲಯದ ನಲ್ಲಾಳದ ನೆಲದಲ್ಲಿ ಅವರ ಗೂಟಗಳಿವೆ. ಬಂಗಾಳ ಕೊಲ್ಲಿಯ ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುಗಳ ಬಾಯಿಗೆ ಇಟ್ಟ ಹಲಗೆಗಳಿವೆ. ಪ್ರಶ್ನೆ ಕೇಳುವವನ ಆಯುಷ್ಯಕ್ಕಿಂತ ಉತ್ತರದ ಆಯುಷ್ಯ ದೊಡ್ಡದಾಗಬಹುದು ಎಂದು ಗೊತ್ತಿದ್ದೂ ಗೂಟ ನೆಡುವ ಇಂಥ ಸಂಶೋಧನೆಯ ಬಗ್ಗೆ ನನಗೆ ಬಹಳ ಗೌರವವಿದೆ.

ಹಾಗಿದ್ದೂ ಈ ಪರೀಕ್ಷೆ ಒಂದು ವಿಷಯವನ್ನು ಹೇಳುವುದಿಲ್ಲ. ಮರ ಎಷ್ಟು ಕಾಲ ಬಾಳುತ್ತದೆ ಎಂದು ಹೇಳುತ್ತದೆ. ಎಷ್ಟು ಕಾಲ ಬಾಳಬೇಕು ಎಂದು ಹೇಳುವುದಿಲ್ಲ. ಎರಡನೆಯ ಪ್ರಶ್ನೆ ಗೂಟಕ್ಕೆ ಸೇರಿದ್ದಲ್ಲ, ನಮಗೆ ಸೇರಿದ್ದು. ಅದನ್ನು ಕೇಳಿಕೊಳ್ಳದೆಯೇ ನಾವು ಮನೆ ಕಟ್ಟುತ್ತಿದ್ದೇವೆ, ಕಪಾಟು ಮಾಡಿಸುತ್ತಿದ್ದೇವೆ, ಕಾಡು ಕಡಿಯುತ್ತಿದ್ದೇವೆ.

ಮರಕ್ಕೆ ಬಾಳಿಕೆ ಬರುವುದು ಹೇಗೆ ಎಂಬುದರಿಂದ ಶುರುಮಾಡೋಣ. ಕಡಿದ ತೇಗದ ದಿಮ್ಮಿಯ ಅಡ್ಡ ಕೊಯ್ತದಲ್ಲಿ ಹೊರಗಿನ ಉಂಗುರ ಬಿಳಿಚಾಗಿ, ಒಳಗಿನದು ಕಂದಾಗಿ ಕಾಣುತ್ತದೆ. ಮರ ಬದುಕಿದ್ದಾಗ ನೀರು ಸಾಗಿಸುತ್ತಿದ್ದದ್ದು, ಪಿಷ್ಟ ಕೂಡಿಡುತ್ತಿದ್ದದ್ದು, ಜೀವಕೋಶಗಳಿದ್ದದ್ದು ಆ ಬಿಳಿಯಲ್ಲಿ. ಒಳಗಿನ ಚೇಗಿನಲ್ಲಿ ಒಂದು ಕೋಶವೂ ಜೀವಂತವಿಲ್ಲ. ಆದರೆ ಆ ಕೋಶಗಳು ಸುಮ್ಮನೆ ಸತ್ತವಲ್ಲ. ಒಳಗಿನ ಉಂಗುರ ಸಾಯುವ ಹೊತ್ತಿಗೆ ತನ್ನಲ್ಲಿ ಉಳಿದ ಪಿಷ್ಟ, ಸಕ್ಕರೆಯನ್ನೆಲ್ಲ ಖರ್ಚು ಮಾಡಿ ಕ್ವಿನೋನ್, ಫಿನಾಲ್‌ಗಳಂಥ ಕಹಿ, ವಿಷ ವಸ್ತುಗಳನ್ನು ತಯಾರಿಸಿ ಕೋಶದ ಗೋಡೆಗಳಿಗೆ ತುಂಬಿಸುತ್ತದೆ. ತೇಗದ ಆ ವಾಸನೆ, ಕೈಗೆ ಹತ್ತುವ ಆ ಜಿಡ್ಡು ಇದರದ್ದೇ. ಹಾಗಾಗಿ ಮನೆಗೆ ಬಂದ ಮರದಲ್ಲಿ ಮೊದಲು ಕುಟ್ಟೆ ಬೀಳುವುದು ಬಿಳಿಗೆ. ಅಲ್ಲಿ ಹುಳುವಿಗೆ ಊಟವಿದೆ. ಬದುಕುತ್ತಿದ್ದ ಭಾಗ ಮೊದಲು ಹೋಗುತ್ತದೆ, ಸಿದ್ಧವಾಗಿ ಸತ್ತ ಭಾಗ ನಿಲ್ಲುತ್ತದೆ. ಹಳೆಯ ಆಚಾರಿಗಳು ತೊಲೆಗೆ ಮರ ಆರಿಸುವಾಗ ಬಿಳಿಯನ್ನು ಬಾಚಿಯಿಂದ ಕೆತ್ತಿ ತೆಗೆಯುತ್ತಿದ್ದದ್ದು, ಬಿದಿರನ್ನು ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿ ಪಿಷ್ಟ ಬಿಡಿಸುತ್ತಿದ್ದದ್ದು ಈ ಕಾರಣಕ್ಕೇ.

ಚೇಗು ಕಟ್ಟಲು ಸಮಯ ಬೇಕು. ಇಲ್ಲೇ ನಮ್ಮ ಕಾಲದ ಒಂದು ಮೋಸ ಅಡಗಿದೆ, ಯಾರೂ ಬೇಕೆಂದು ಮಾಡಿದ್ದಲ್ಲದಿದ್ದರೂ. ಕೋಷ್ಟಕಗಳಲ್ಲಿ ತೇಗ ಮೊದಲ ವರ್ಗದ ಮರ ಎಂದಿದೆ. ಆ ಮಾತನ್ನು ಗಳಿಸಿಕೊಟ್ಟದ್ದು ಎಂಬತ್ತು ನೂರು ವರ್ಷ ಕಾಡಿನಲ್ಲಿ ನಿಧಾನವಾಗಿ ಬೆಳೆದ ಮರ. ಇಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಿನ ಪಾಲು ತೋಟದ್ದು. ಗೊಬ್ಬರ ನೀರು ಕುಡಿದು ಹದಿನೈದು ಇಪ್ಪತ್ತು ವರ್ಷಕ್ಕೆ ದಪ್ಪವಾದದ್ದು. ಅದರಲ್ಲಿ ಬಿಳಿಯ ಪಾಲು ಹೆಚ್ಚು. ಚೇಗಿನಲ್ಲೂ ಆ ಕಹಿ ವಸ್ತುಗಳು ಕಡಿಮೆ. ಎಳೆಯ ತೇಗದ ಗೂಟ ಹಳೆಯ ತೇಗದಷ್ಟು ತಡೆಯುವುದಿಲ್ಲ ಎಂಬುದು ಬೇರೆಬೇರೆ ದೇಶಗಳ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಹೆಸರು ಅದೇ, ಒಳಗಿನ ಕಾಲ ಮಾತ್ರ ಬೇರೆ. ಬಾಗಿಲುವಾಡಕ್ಕೆ ತೇಗವೇ ಆಗಬೇಕು ಎಂದು ಸಾಲ ಮಾಡಿ ಕೊಳ್ಳುವ ಕುಟುಂಬಕ್ಕೆ ಮರದ ವಯಸ್ಸನ್ನು ಯಾರೂ ಹೇಳುವುದಿಲ್ಲ. ಹೇಳಬೇಕು ಎಂಬ ನಿಯಮ ಬರಬೇಕು ಎಂದು ನಾನು ನಿಜವಾಗಿ ಬಯಸುತ್ತೇನೆ.

ಮರದ ಜಾತಿ, ವಯಸ್ಸು ಎರಡೂ ಸರಿ ಇದ್ದರೂ ಬಾಳಿಕೆ ಆ ಮರದೊಳಗೇ ಇರುತ್ತದೆ ಎಂದುಕೊಳ್ಳುವಂತಿಲ್ಲ. ಜಪಾನಿನ ಹೊರ್ಯೂಜಿ ದೇವಾಲಯದ ಐದು ಅಂತಸ್ತಿನ ಗೋಪುರವನ್ನು ನೋಡಿ. ಇಂದು ನಿಂತಿರುವ ಮರದ ಕಟ್ಟಡಗಳಲ್ಲಿ ಅತ್ಯಂತ ಹಳೆಯದು ಎನಿಸಿಕೊಂಡ ದೇವಾಲಯ ಸಮೂಹ ಅದು. ಗೋಪುರದ ನಟ್ಟನಡುವೆ ಹಿನೊಕಿ ಮರದ ಒಂದು ಕಂಬವಿದೆ. ಅದರ ಬೆಳವಣಿಗೆಯ ಉಂಗುರಗಳನ್ನು ಎಣಿಸಿ, ಹೋಲಿಸಿ, ಆ ಮರವನ್ನು ಕಡಿದದ್ದು ಕ್ರಿ.ಶ. 594ರಲ್ಲಿ ಎಂದು 2001ರಲ್ಲಿ ಪ್ರಕಟಿಸಿದರು. ಸಾವಿರದ ನಾನ್ನೂರು ವರ್ಷ! ಆದರೆ ಅದೇ ಕಂಬದ ಬುಡವನ್ನು ಮೊದಲು ನೆಲದಲ್ಲಿ ಸುಮಾರು ಮೂರು ಮೀಟರು ಆಳಕ್ಕೆ ಹೂತಿದ್ದರು. 1926ರಲ್ಲಿ ನೋಡಿದಾಗ ಆ ಭಾಗ ಪೂರ್ತಿ ಕೊಳೆತು, ಮಣ್ಣಿನಲ್ಲಿ ಬರೀ ಟೊಳ್ಳು ಉಳಿದಿತ್ತು. ಒಂದೇ ಮರ, ಒಂದೇ ಚೇಗು, ಒಂದೇ ದಿನ ಬಿದ್ದ ಕೊಡಲಿ. ನೆಲದ ಮೇಲಿನದು ಈಗಲೂ ಇದೆ, ಕೆಳಗಿನದು ಯಾವ ಶತಮಾನದಲ್ಲಿ ಹೋಯಿತೋ. ಆ ಗೋಪುರ ಒಂದು ದೊಡ್ಡ ಸ್ಮಶಾನ ಪರೀಕ್ಷೆಯೇ ಆಗಿತ್ತು, ಯಾರೂ ಹಾಗೆಂದು ನೆಟ್ಟಿರಲಿಲ್ಲ ಅಷ್ಟೆ.

ಒಣಗಿದ ಮರ ತನ್ನಷ್ಟಕ್ಕೆ ಕೊಳೆಯುವುದಿಲ್ಲ. ಮರದಲ್ಲಿರುವ ನೀರು ಅದರ ಒಣ ತೂಕದ ಶೇ. 20ರೊಳಗೆ ಇರುವವರೆಗೆ ಕೊಳೆ ಹತ್ತಿಸುವ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ಕೋಶದ ಗೋಡೆ ನೀರು ಕುಡಿದು ತಣಿಯುವುದು ಸುಮಾರು ಶೇ. 30ಕ್ಕೆ, ಅದನ್ನು ದಾಟಿದರೆ ದಾರಿ ತೆರೆಯಿತು. ಬಿಸಿಲು ಮಳೆಗೆ ಬರೀ ಮೈಯೊಡ್ಡಿ ನಿಂತ ಮೃದು ಮರದ ಮೇಲ್ಮೈ ಕೂಡ ಸವೆಯುವುದು ನೂರು ವರ್ಷಕ್ಕೆ ಆರು ಮಿಲಿಮೀಟರಿನ ಆಸುಪಾಸು. ಅಷ್ಟು ನಿಧಾನ. ಮರವನ್ನು ಬೇಗ ಕೊಲ್ಲುವುದು ಹರಿದು ಹೋಗುವ ಮಳೆಯಲ್ಲ, ಸಂದಿಯಲ್ಲಿ ಸಿಕ್ಕಿ ಕೂತ ನೀರು.

ತೀರ್ಥಹಳ್ಳಿ ಕಡೆ ಹಳೆಯ ತೊಟ್ಟಿಮನೆಯೊಂದನ್ನು ಬಿಚ್ಚುತ್ತಿದ್ದಾಗ ಇದನ್ನು ಕಣ್ಣಾರೆ ಕಂಡೆ. ಇಳಿಸಿದ ತೊಲೆಗಳನ್ನು ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದರು. ವಯಸ್ಸಾದ ಆಚಾರಿಯೊಬ್ಬರು ಉಳಿಯ ಹಿಡಿಯಿಂದ ಒಂದೊಂದನ್ನೇ ಬಡಿಯುತ್ತಾ ಬಂದರು. ಎಲ್ಲ ಕಡೆ ಠಣ್ ಎನ್ನುತ್ತಿದ್ದ ಸದ್ದು ಒಂದು ತೊಲೆಯ ತುದಿಗೆ ಬಂದಾಗ ದಬ್ ಎಂದಿತು. ಉಳಿ ತಿರುಗಿಸಿ ಚುಚ್ಚಿದರೆ ಮೂರು ಅಂಗುಲ ಒಳಗೆ ಹೋಯಿತು. ಆ ತುದಿಯಿಂದ ಒಂದು ಮೊಳ ಈಚೆಗೆ ಅದೇ ಉಳಿ ಕೂದಲೆಳೆಯಷ್ಟೂ ಇಳಿಯಲಿಲ್ಲ. "ಮರದ್ದೇನೂ ತಪ್ಪಿಲ್ಲ ಗೌಡ್ರೇ," ಎಂದರು ಮನೆಯವರ ಕಡೆ ತಿರುಗಿ. "ಅಲ್ಲೊಂದು ಹೆಂಚು ಒಡೆದಿತ್ತು. ಅದನ್ನ ಬದಲಿಸಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತಿತ್ತು." ಗೌಡರು ಏನೂ ಹೇಳದೆ ಆ ತುದಿಯನ್ನು ಕೈಯಿಂದ ಮುಟ್ಟಿ ನೋಡಿದರು, ಪುಡಿ ಉದುರಿತು.

ಮಲೆನಾಡಿನ ಮನೆಗಳಲ್ಲಿ ಕಂಬದ ಕೆಳಗೆ ಕಲ್ಲಿನ ಪೀಠ ಇರುತ್ತಿತ್ತು, ಮರ ನೆಲ ಮುಟ್ಟದಂತೆ. ಸೂರು ಗೋಡೆಯಿಂದ ಬಲುದೂರ ಚಾಚುತ್ತಿತ್ತು. ಅಟ್ಟದ ಅಡಿಯಲ್ಲಿ ಒಲೆಯ ಹೊಗೆ ದಿನವೂ ತೊಲೆಗಳನ್ನು ಒಣಗಿಸುತ್ತಿತ್ತು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು ಮನೆಯ ಕ್ರಮವಾಗಿತ್ತು. ಆ ಮನೆಗಳ ಬಾಳಿಕೆಯಲ್ಲಿ ತೇಗ, ಹೊನ್ನೆ, ಹಲಸಿನ ಪಾಲೆಷ್ಟೋ ಈ ಕಲ್ಲು, ಸೂರು, ಹೊಗೆ, ಹೆಂಚು ಸರಿಪಡಿಸುವ ಕೈಗಳ ಪಾಲೂ ಅಷ್ಟೇ. ಈಗ ನಾವು ಬಾಗಿಲುವಾಡದ ಕಾಲನ್ನು ಸಿಮೆಂಟಿನಲ್ಲಿ ಹುಗಿಯುತ್ತೇವೆ. ಬಚ್ಚಲ ಬಾಗಿಲಿನ ಕೆಳತುದಿಗೆ ದಿನಕ್ಕೆ ನಾಲ್ಕು ಸಲ ನೀರು ಎರಚುತ್ತೇವೆ. ಐದು ವರ್ಷಕ್ಕೆ ಅದು ಕೊಳೆತರೆ ಮರ ಚೆನ್ನಾಗಿರಲಿಲ್ಲ ಎನ್ನುತ್ತೇವೆ. ಮರವನ್ನು ದೂರುವುದು ಸುಲಭ.

ಕೈಗಳು ಬರುವುದಿಲ್ಲ, ಮರ ನೆಲ ಮುಟ್ಟಲೇಬೇಕು ಎಂದಾದಾಗ ಏನು ಮಾಡುವುದು? ರೈಲಿನ ಸ್ಲೀಪರು, ತಂತಿ ಕಂಬ, ಗಣಿಯ ಆಸರೆ, ಇವುಗಳಿಗೆ ಸೂರು ಕಟ್ಟಲಾಗದು. ಈ ಪ್ರಶ್ನೆಗೆ ಜಗತ್ತು ಬಹುಕಾಲ ಬಳಸಿದ ಉತ್ತರ ನಮ್ಮ ದೇಶದಲ್ಲೇ ಹುಟ್ಟಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ವಿಜ್ಞಾನಿ 1933ರಲ್ಲಿ ತಾಮ್ರ, ಆರ್ಸೆನಿಕ್, ಕ್ರೋಮಿಯಂ ಮೂರನ್ನೂ ಕೂಡಿಸಿದ ಒಂದು ದ್ರಾವಣವನ್ನು ರೂಪಿಸಿದರು. 1938ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ. ತಾಮ್ರಕ್ಕೆ ಬಗ್ಗದ ಕೆಲವು ಶಿಲೀಂಧ್ರಗಳನ್ನೂ ಗೆದ್ದಲನ್ನೂ ಆರ್ಸೆನಿಕ್ ನೋಡಿಕೊಳ್ಳುತ್ತದೆ. ಜಾಣ್ಮೆ ಇದ್ದದ್ದು ಮೂರನೆಯದರಲ್ಲಿ. ಅದಕ್ಕೂ ಮುಂಚಿನ ಉಪ್ಪುಗಳು ಮಳೆನೀರಿನಲ್ಲಿ ತೊಳೆದು ಹೋಗುತ್ತಿದ್ದವು. ಕ್ರೋಮಿಯಂ ಮರದ ವಸ್ತುವಿನ ಜೊತೆ ವರ್ತಿಸಿ, ಉಳಿದೆರಡನ್ನೂ ಕೋಶದ ಗೋಡೆಯಲ್ಲೇ ಹಿಡಿದು ಕೂರಿಸಿತು. ಉಕ್ಕಿನ ಉರುಳೆಯೊಳಗೆ ಮರ ತುಂಬಿ, ಗಾಳಿ ಹೀರಿ ತೆಗೆದು, ಒತ್ತಡದಿಂದ ದ್ರಾವಣ ಉಣಿಸಿದರೆ ಮೂರನೆಯ ವರ್ಗದ ಮರವೂ ದಶಕಗಳ ಕಾಲ ಮಣ್ಣಿನಲ್ಲಿ ನಿಲ್ಲತೊಡಗಿತು. ಮರಕ್ಕೆ ಬರುವ ತಿಳಿಹಸಿರು ಛಾಯೆ ತಾಮ್ರದ್ದು. ಒಂದು ಸಾಧಾರಣ ಮರ ತನ್ನ ಆಯುಷ್ಯದಲ್ಲಿ ಕಟ್ಟಿಕೊಳ್ಳದ ಚೇಗನ್ನು ಕೆಲವು ಗಂಟೆಗಳಲ್ಲಿ ಕಟ್ಟಿಕೊಟ್ಟರು ಎನ್ನಬಹುದು. ನಮ್ಮ ಪಠ್ಯಪುಸ್ತಕಗಳು ಕಾಮೇಶಂ ಅವರ ಹೆಸರನ್ನು ಹೇಳುವುದಿಲ್ಲ ಎಂಬುದು ಬೇಸರದ ಸಂಗತಿ. ಎಷ್ಟು ಕಾಡು ಕಡಿಯದೆ ಉಳಿಯಿತೋ, ಅದರಲ್ಲಿ ಅವರಿಗೂ ಪಾಲಿದೆ.

ಹೀಗೆ ದ್ರಾವಣ ಉಣಿಸಿದ ಮರ ಮುಂದೆ ಅಮೆರಿಕದ ಮನೆಗಳ ಹಿತ್ತಿಲ ಜಗಲಿಗಳಿಗೆ, ಮಕ್ಕಳ ಆಟದ ಅಂಗಳಗಳಿಗೆ ಹೋಯಿತು. ಅಲ್ಲಿ ಅದು ನಿಂತದ್ದೇನೋ ನಿಜ. ಆದರೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಆರ್ಸೆನಿಕ್ ಮರದಿಂದ ಮಣ್ಣಿಗೆ, ಹಲಗೆಯಿಂದ ಅಂಗೈಗೆ ಬರುತ್ತಿತ್ತು. ಕೆಲಸ ಮುಗಿದ ಹಲಗೆಯನ್ನು ಸುಟ್ಟರೆ ಹೊಗೆ ವಿಷ, ಬೂದಿ ವಿಷ. ಹೂತರೆ ಮಣ್ಣು ಅದನ್ನು ತಿನ್ನಲಾರದು. 2003ರ ಕೊನೆಗೆ ತಯಾರಕರು ಅಲ್ಲಿನ ಮನೆಬಳಕೆಯಿಂದ ಅದನ್ನು ಹಿಂದೆಗೆದುಕೊಂಡರು. ಯೂರೋಪ್ ಕೂಡ ಅದರ ಬಳಕೆಯನ್ನು ಬಿಗಿಗೊಳಿಸಿತು. ಕಾಮೇಶಂ ಅವರದ್ದು ತಪ್ಪೆಂದು ನಾನು ಹೇಳಲಾರೆ. ಕಾಡಿನ ನಡುವಿನ ತಂತಿ ಕಂಬಕ್ಕೆ ಬೇಕಾದ ಬಾಳಿಕೆಯನ್ನು ಮಗು ಆಡುವ ಜಾರುಬಂಡೆಗೆ ತಂದು ಹಾಕಿದ್ದು ಮುಂದಿನವರು. ಆಟದ ಅಂಗಳವೊಂದು ಎಷ್ಟು ವರ್ಷ ಬೇಕು? ಆ ಮಕ್ಕಳು ದೊಡ್ಡವರಾಗುವವರೆಗೆ, ಅವರ ತಮ್ಮ ತಂಗಿಯರು ಆಡಿ ಮುಗಿಸುವವರೆಗೆ. ಅದರಾಚೆಗೂ ಹಲಗೆ ಕೊಳೆಯಲು ಒಲ್ಲೆನೆಂದರೆ ಆ ಬಾಳಿಕೆ ಯಾರಿಗೂ ಬೇಡದ್ದು, ಮಣ್ಣಿಗಂತೂ ಬೇಡವೇ ಬೇಡ. ಕೊಳೆಯುವುದು ಮರದ ದೋಷ ಎಂಬ ಎಣಿಕೆ ನಮ್ಮಲ್ಲಿ ಆಳವಾಗಿ ಕೂತಿದೆ. ಕಾಡಿಗೆ ಕಾಲಿಟ್ಟರೆ ಬೇರೆಯೇ ಲೆಕ್ಕ. ಬಿದ್ದ ಮರ ಕೊಳೆಯದಿದ್ದರೆ ಮಣ್ಣಿಲ್ಲ, ಮಣ್ಣಿಲ್ಲದೆ ಸಸಿಯಿಲ್ಲ. ಯಾವ ಶಿಲೀಂಧ್ರದ ವಿರುದ್ಧ ನಾವು ಗೂಟ ನೆಟ್ಟು ಹೋರಾಡುತ್ತೇವೋ ಅದೇ ಶಿಲೀಂಧ್ರ ಆ ಗೂಟದ ಮರವನ್ನು ಬೆಳೆಸಿಕೊಟ್ಟಿತ್ತು.

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಈಗಿನ ಸಂಶೋಧಕರು ಹುಡುಕುತ್ತಿರುವ ಬಗೆ ನನಗೆ ಇಷ್ಟ. ವಿಷ ತುಂಬುವ ಬದಲು ಮರಕ್ಕೂ ನೀರಿಗೂ ಇರುವ ನಂಟನ್ನೇ ಸಡಿಲಿಸುವುದು. ಉಗಿಯ ನಡುವೆ, ಗಾಳಿ ತಾಗದಂತೆ, 200 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ನೀರನ್ನು ಹಿಡಿದಿಟ್ಟುಕೊಳ್ಳುವ ಹೆಮಿಸೆಲ್ಯುಲೋಸ್ ಒಡೆದು ಹೋಗುತ್ತದೆ; ಮರ ಕಂದಾಗುತ್ತದೆ, ಉಬ್ಬುವುದು ಸೊರಗುವುದು ಕಡಿಮೆಯಾಗುತ್ತದೆ. ತುಸು ಪೆಡಸೂ ಆಗುತ್ತದೆ, ಹಾಗಾಗಿ ಭಾರ ಹೊರುವ ಜಾಗಕ್ಕೆ ಒಗ್ಗುವುದಿಲ್ಲ. ಇನ್ನೊಂದು ದಾರಿ, ವಿನೆಗರ್‌ನ ನೆಂಟನಾದ ಅಸಿಟಿಕ್ ಅನ್‌ಹೈಡ್ರೈಡ್ ಉಣಿಸಿ ಕೋಶದ ಗೋಡೆಯಲ್ಲಿ ನೀರು ಕೂರುವ ಜಾಗಗಳನ್ನು ಮೊದಲೇ ತುಂಬಿಬಿಡುವುದು. ನೆದರ್ಲೆಂಡ್ಸಿನ ಸ್ನೇಕ್ ಊರಿನಲ್ಲಿ 2008ರಲ್ಲಿ ಇಂಥ ಮರದಿಂದ ವಾಹನಗಳು ಓಡಾಡುವ ಸೇತುವೆಯನ್ನೇ ಕಟ್ಟಿದರು. ಬೆಂಗಳೂರಿನಲ್ಲೂ ರಬ್ಬರ್, ಸಿಲ್ವರ್ ಓಕ್‌ನಂಥ ತೋಟದ ಮರಗಳ ಮೇಲೆ ಇಂಥ ಪ್ರಯೋಗಗಳು ನಡೆದಿವೆ. ಹೀಗೆ ಬದಲಾದ ಮರ ಕಡೆಗೊಮ್ಮೆ ಮಣ್ಣಿಗೆ ಹೋದಾಗ ಬಿಟ್ಟು ಹೋಗುವ ಲೋಹ ಯಾವುದೂ ಇಲ್ಲ.

ಇಂದು ನಮ್ಮ ಮನೆಗಳಿಗೆ ಬರುವ ಮರದಲ್ಲಿ ಬಹುಪಾಲು ಇಡಿಯ ಮರವೇ ಅಲ್ಲ ಎಂಬುದನ್ನೂ ನೆನೆಯಬೇಕು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಾಡಿನ ಮರ ಕಡಿತಕ್ಕೆ ತಡೆ ಹಾಕಿದ ಮೇಲೆ ಪ್ಲೈವುಡ್ ಕಾರ್ಖಾನೆಗಳು ರೈತರ ಹೊಲದತ್ತ ತಿರುಗಿದವು. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್, ಬಯಲುಸೀಮೆಯ ನೀಲಗಿರಿ, ಈಚೆಗೆ ಆರೇಳು ವರ್ಷಕ್ಕೇ ಕಡಿತಕ್ಕೆ ಬರುವ ಹೆಬ್ಬೇವು. ದಿಮ್ಮಿಯನ್ನು ತಿರುಗಿಸುತ್ತಾ ಬ್ಲೇಡಿನಿಂದ ಹಾಳೆಯಂತೆ ಸುಲಿದು, ಒಂದರ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರುವಂತೆ ಅಂಟಿಸಿ, ಬಿಸಿಯಲ್ಲಿ ಒತ್ತುತ್ತಾರೆ. ಅಂಟೇ ಇಲ್ಲಿ ಆಯುಷ್ಯ. ಯೂರಿಯಾ ಅಂಟು ತೇವಕ್ಕೆ ನಿಧಾನವಾಗಿ ಒಡೆಯುತ್ತದೆ. ಫಿನಾಲ್ ಅಂಟು ನೀರಿಗೆ ಜಗ್ಗುವುದಿಲ್ಲ. ಅಂಗಡಿಯವರು 'ಮರೀನ್ ಪ್ಲೈ' ಎಂದು ಕೊಡುವುದಕ್ಕೆ ಒಂದು ಮಾನಕವಿದೆ. ಅದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿಡುತ್ತಾರೆ. ತೆಗೆದ ಮೇಲೆ ಪದರಗಳ ನಡುವೆ ಚಾಕು ತೂರಿಸಿ ಎಬ್ಬುತ್ತಾರೆ. ಅಂಟಿನ ಪದರ ನುಣುಪಾಗಿ ಬಿಟ್ಟುಕೊಂಡರೆ ತುಂಡು ಸೋತಿತು. ಪದರ ಏಳುವಾಗ ಮರದ ನಾರುಗಳು ಸಿಗಿದು ಅಂಟಿನ ಮೇಲೆಲ್ಲ ಹರಡಿ ಉಳಿದರೆ ಗೆದ್ದಿತು. ಅಂಟಿಗಿಂತ ಮೊದಲು ಮರವೇ ಹರಿಯಬೇಕು ಎಂಬುದು ನಿಯಮ. ನನಗೆ ಈ ಪರೀಕ್ಷೆಯಲ್ಲಿ ಕಾಣುವ ಪ್ರಾಮಾಣಿಕತೆ ಜಾಹೀರಾತಿನ 'ಜೀವಮಾನದ ಗ್ಯಾರಂಟಿ'ಯಲ್ಲಿ ಕಾಣುವುದಿಲ್ಲ. ಯಾರ ಜೀವಮಾನ?

ಆ ಪ್ರಶ್ನೆಗೆ ನನ್ನ ಉತ್ತರ: ಮರದ್ದು. ಮರ ಬೆಳೆಯಲು ಎಷ್ಟು ವರ್ಷ ಹಿಡಿಯಿತೋ ಕನಿಷ್ಠ ಅಷ್ಟು ವರ್ಷ ಅದು ನಮ್ಮ ಬಳಿ ನಿಲ್ಲಬೇಕು. ಹೊರ್ಯೂಜಿಯನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿ ದುಡಿದ ಬಡಗಿ ನಿಶಿಯೋಕಾ ಸುನೆಕಾಜು ಇದನ್ನು ಜೀವನದುದ್ದಕ್ಕೂ ಹೇಳುತ್ತಾ ಬಂದರು. ಸಾವಿರ ವರ್ಷದ ಮರ ಕಡಿದರೆ ಸಾವಿರ ವರ್ಷ ನಿಲ್ಲುವಂತೆ ಕಟ್ಟುವುದು ಬಡಗಿಯ ಋಣ ಎಂಬುದು ಅವರ ನಂಬಿಕೆ. ಇದು ಭಾವುಕತೆಯ ಮಾತಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಜಪಾನಿನ ಕೊಹಾರಾ ಜಿರೋ ಎಂಬ ವಿಜ್ಞಾನಿ ದೇವಾಲಯಗಳ ದುರಸ್ತಿಯಲ್ಲಿ ತೆಗೆದ ಹಳೆಯ ಹಿನೊಕಿ ತುಂಡುಗಳನ್ನು ಪರೀಕ್ಷೆ ಮಾಡಿದಾಗ, ಆ ಮರದ ಶಕ್ತಿ ಕಡಿದ ನಂತರ ಎರಡು ಮೂರು ಶತಮಾನ ಏರುತ್ತಾ ಹೋಗಿ, ಆಮೇಲೆ ನಿಧಾನವಾಗಿ ಇಳಿಯುವುದು ಕಂಡಿತು. ಸಾವಿರ ವರ್ಷದ ಹೊತ್ತಿಗೆ ಅದು ಹೊಸ ಮರದ ಮಟ್ಟಕ್ಕೆ ಮರಳುತ್ತದೆ. ಹಠಾತ್ ಪೆಟ್ಟು ತಾಳುವ ಗುಣ ಮಾತ್ರ ಕುಂದುತ್ತದೆ. ಎಲ್ಲ ಮರಕ್ಕೂ ಇದು ಸಲ್ಲದು. ಕೆಯಾಕಿ ಎಂಬ ಮರ ಬಹಳ ಬೇಗ ಇಳಿಯುತ್ತದೆ.

ಈ ಅಳತೆಗೋಲು ಹಿಡಿದು ನೋಡಿದರೆ ಹೆಬ್ಬೇವಿನ ಪ್ಲೈವುಡ್ಡಿನ ಬಗ್ಗೆ ನನಗೆ ತಕರಾರಿಲ್ಲ. ಏಳು ವರ್ಷದ ಮರ, ಇಪ್ಪತ್ತು ವರ್ಷ ಬಾಳುವ ಕಪಾಟು, ಋಣ ತೀರಿತು. ರಬ್ಬರ್ ಹಾಲು ಕೊಟ್ಟು ಮುಗಿಸಿದ ಮೇಲೆ ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕಡಿಯುವ ಮರ ಒಂದು ಕಾಲದಲ್ಲಿ ಬರೀ ಸೌದೆಯಾಗುತ್ತಿತ್ತು, ಪಿಷ್ಟ ಹೆಚ್ಚಿದ್ದು ವಾರದೊಳಗೆ ಕುಟ್ಟೆ ಹಿಡಿಯುತ್ತಿತ್ತು. ಕೊಯ್ದ ಕೂಡಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಉಣಿಸುವ ಕ್ರಮ ಅದನ್ನು ಮೇಜು ಕುರ್ಚಿಯಾಗಿ ಮನೆಯೊಳಗೆ ತಂದಿತು. ಸಂಶೋಧನೆ ಅದಕ್ಕೆ ಎರಡನೆಯ ಬದುಕು ಕೊಟ್ಟಿತು. ತಕರಾರಿರುವುದು ನೂರು ವರ್ಷದ ತೇಗದ ತೊಲೆಯನ್ನು ಐವತ್ತು ವರ್ಷಕ್ಕೆ ಕಿತ್ತು, ಸೌದೆಯ ಬೆಲೆಗೆ ಮಾರಿ, ಕಾಂಕ್ರೀಟು ಹಾಕಿಸುವುದರ ಬಗ್ಗೆ. ಬೆಂಕಿ ಬಿದ್ದರೆ ಎಂಬ ಹೆದರಿಕೆಗೆ ಕಾರಣವಿದೆ. ಮೈಸೂರಿನ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆಯೇ ಸುಟ್ಟು ಹೋದದ್ದನ್ನು ಈ ನಾಡು ಮರೆತಿಲ್ಲ. ಆದರೆ ದಪ್ಪ ತೊಲೆ ಸುಡುವಾಗ ಹೊರಗಿನ ಇದ್ದಿಲ ಪದರ ಒಳಗನ್ನು ಕಾಯುತ್ತದೆ, ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ವೇಗದಲ್ಲಿ ಬೆಂಕಿ ಒಳಸರಿಯುತ್ತದೆ ಎಂದು ಅಳೆದೇ ಇಂದು ನಾರ್ವೆಯಲ್ಲಿ, ಅಮೆರಿಕದಲ್ಲಿ 85 ಮೀಟರಿಗೂ ಎತ್ತರದ ಮರದ ಕಟ್ಟಡಗಳು ಎದ್ದಿವೆ.

ಜಪಾನಿನಲ್ಲೇ ನಿಶಿಯೋಕಾ ಅವರ ಮಾತಿಗೆ ತದ್ವಿರುದ್ಧವೆಂದು ಕಾಣುವ ಇನ್ನೊಂದು ಕ್ರಮವಿದೆ. ಇಸೆ ಎಂಬಲ್ಲಿನ ಮಹಾಮಂದಿರವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸ ಮರದಿಂದ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. ಕಳೆದ ಸಲ 2013ರಲ್ಲಿ ಕಟ್ಟಿದರು, ಅದು ಅರವತ್ತೆರಡನೆಯದು. ಅಲ್ಲಿನ ಕಂಬಗಳನ್ನು ಹುಲ್ಲಿನ ಮಾಡಿನ ಕೆಳಗೆ ನೇರ ನೆಲದಲ್ಲೇ ನೆಡುತ್ತಾರೆ. ಕೊಳೆಯುವ ಮೊದಲೇ ಬದಲಿಸುತ್ತಾರೆ. ದುಂದು ಎನಿಸಬಹುದು. ಆದರೆ ಮುಖ್ಯ ಮಂದಿರದ ಮೊಗಟು ಹೊತ್ತ ಕಂಬಗಳು ಕೆಳಗಿಳಿದ ಮೇಲೆ ನದಿಯ ಸೇತುವೆಯ ಎರಡೂ ತುದಿಗಳಲ್ಲಿ ತೋರಣಗಂಬಗಳಾಗಿ ಇನ್ನೊಂದು ಇಪ್ಪತ್ತು ವರ್ಷ ನಿಲ್ಲುತ್ತವೆ. ಅಲ್ಲಿಂದ ಇಳಿದು, ಇಸೆಗೆ ಬರುವ ಹಳೆಯ ಹೆದ್ದಾರಿಯ ಊರುಗಳಾದ ಕುವಾನಾ, ಸೆಕಿಗಳಲ್ಲಿ ಮತ್ತೊಂದು ಇಪ್ಪತ್ತು. ಒಂದೇ ಮರಕ್ಕೆ ಮೂರು ಬಾಳು. ಬಾಳಿಕೆ ಎಂದರೆ ಅಲುಗದೆ ಇರುವುದು ಎಂದುಕೊಂಡ ನನ್ನಂಥವರಿಗೆ ಇಸೆಯ ಮರಗಳು ಬೇರೊಂದು ದಾರಿ ತೋರಿಸುತ್ತವೆ: ಜಾಗ ಬದಲಿಸುತ್ತಾ, ಕೆಲಸ ಬದಲಿಸುತ್ತಾ ಕಾಲ ತುಂಬಿಸುವುದು.

ನಮ್ಮಲ್ಲಿ ಇದಕ್ಕೆ ಬೇಕಾದ ಮಂದಿ ಇದ್ದಾರೆ. ಬಿಚ್ಚಿದ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಕೊಂಡು ಮಾರುವ ಹಳೇ ಮರದ ವ್ಯಾಪಾರಿಗಳು ಮಲೆನಾಡು, ಕರಾವಳಿಯಲ್ಲಿ ಇದ್ದಾರೆ. ಕಂಬ ಕೆತ್ತನೆಯದ್ದಾದರೆ ನಗರದ ಹೋಟೆಲಿನ ಹಜಾರಕ್ಕೆ ಹೋಗುತ್ತದೆ. ಕೆತ್ತನೆ ಇಲ್ಲದ ತೊಲೆಯನ್ನು ಭಾರ ಹೊರಲು ಮತ್ತೆ ಬಳಸಬಹುದೇ ಎಂದು ಕೇಳಿದರೆ ಎಂಜಿನಿಯರು ತಲೆಯಾಡಿಸುತ್ತಾರೆ. ಅದರ ಬಲಕ್ಕೆ ಸಹಿ ಹಾಕಿ ಕೊಡುವವರಿಲ್ಲ. ಆ ಆಚಾರಿ ಉಳಿಯ ಹಿಡಿಯಿಂದ ಮಾಡಿದ ಕೆಲಸವನ್ನು ಶಬ್ದದ ಅಲೆ ಹಾಯಿಸಿ ಮಾಡುವ ಉಪಕರಣಗಳಿವೆ: ತೊಲೆಯ ಒಂದು ತುದಿಯಿಂದ ಇನ್ನೊಂದಕ್ಕೆ ಅಲೆ ತಲುಪುವ ಹೊತ್ತಿನಿಂದ ಅದರ ಬಿಗುವನ್ನು ಲೆಕ್ಕ ಹಾಕುತ್ತಾರೆ, ಸೂಜಿಯಷ್ಟು ಸಣ್ಣ ಬೈರಿಗೆ ಇಳಿಸಿ ಒಳಗಿನ ಟೊಳ್ಳನ್ನು ಪತ್ತೆ ಮಾಡುತ್ತಾರೆ. ತಾಲ್ಲೂಕಿಗೊಂದರಂತೆ ಇಂಥ ಉಪಕರಣ, ಅದನ್ನು ಬಲ್ಲ ಒಬ್ಬರು, ಜೊತೆಗೆ ಉಳಿ ಹಿಡಿದ ಒಬ್ಬ ಹಿರಿಯ ಆಚಾರಿ ಇದ್ದರೆ, ಬಿಚ್ಚುವ ಪ್ರತಿ ಮನೆಯ ಅಂಗಳದಲ್ಲೇ ತೊಲೆಗಳಿಗೆ ದರ್ಜೆಯ ಮುದ್ರೆ ಒತ್ತಿ, ಕೆಟ್ಟ ಒಂದು ಮೊಳ ಕತ್ತರಿಸಿ, ಉಳಿದ ಹದಿನೈದು ಅಡಿಯನ್ನು ಇನ್ನೊಂದು ಮನೆಯ ಮಾಡಿಗೆ ಕಳಿಸಬಹುದು. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಾಗಿಲ್ಲ.